ಮದ್ರಸದ ಓದು ಮೊಬೈಲಿಗೆ ಬಂದ ಮೇಲೆ: ಯಾವುದು ನಡೀತದೆ, ಯಾವುದು ನಡಿಯೋದಿಲ್ಲ

ಮುಂಬಯಿ ಸುತ್ತಮುತ್ತ ಮೀರಾ ರೋಡ್, ಮುಂಬ್ರಾ, ಕುರ್ಲಾ, ಜೋಗೇಶ್ವರಿ ಕಡೆ ಇರೋ ನಮ್ಮ ಮಂಗ್ಳೂರು ಕಡೆಯವರ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಈಗ ಬಾಡಿಗೆ ಫ್ಲ್ಯಾಟಿನ ಮೆಸೇಜಿಗಿಂತ ಜಾಸ್ತಿ ಬರೋದು ಇಂಥ ಜಾಹೀರಾತು: ಮನೆಯಲ್ಲೇ ಕುರ್‌ಆನ್ ಕಲಿಯಿರಿ, ಒಂದು ಮಗುವಿಗೆ ಒಬ್ಬ ಉಸ್ತಾದ್ (ಗುರು), ಡೆಮೋ ಕ್ಲಾಸ್ ಫ್ರೀ. ಅದರ ಕೆಳಗೇ ಇನ್ನೊಬ್ಬರು ಮಾತಾಡೋ ಪೆನ್ನಿನ ಫೋಟೋ ಹಾಕ್ತಾರೆ, ಮತ್ತೊಬ್ಬರು ಎಐ ಆ್ಯಪ್ ಉಂಟಂತೆ, ತಪ್ಪು ಓದಿದ್ರೆ ಅದೇ ಹೇಳ್ತದಂತೆ ಅಂತ ಲಿಂಕ್ ಕಳಿಸ್ತಾರೆ. ತಂದೆತಾಯಿಗೆ ಗೊಂದಲ ಆಗೋದು ಸಹಜ. ಮುಂಬಯಿ ಶಾಲೆಗಳಲ್ಲಿ ಒಂದು ಮಗುವಿಗೆ ಮಾರ್ನಿಂಗ್ ಶಿಫ್ಟ್, ಇನ್ನೊಂದಕ್ಕೆ ಆಫ್ಟರ್‌ನೂನ್ ಶಿಫ್ಟ್, ನಡುವೆ ಟ್ಯೂಷನ್, ಮಸೀದಿಯ ಕ್ಲಾಸಿನ ಟೈಮಿಗೆ ಯಾವುದೂ ಹೊಂದೋದಿಲ್ಲ, ಹಾಗಾಗಿ ಮೊಬೈಲೇ ಸುಲಭ ಅನ್ನಿಸ್ತದೆ. ಆದ್ರೆ ಯಾವ ಟೆಕ್ನಾಲಜಿ ಯಾವ ಕೆಲಸಕ್ಕೆ ಅಂತ ಗೊತ್ತಾಗ್ಬೇಕಾದ್ರೆ ಮೊದಲು ಈ ಓದು ಅಂದ್ರೇನು ಅಂತ ಗೊತ್ತಿರ್ಬೇಕು. ಮದ್ರಸದ ಒಳಗೆ ಯಾವತ್ತೂ ಹೋಗದ ಓದುಗರೂ ಇದ್ದಾರೆ, ಅವರಿಗೂ ಸೇರಿ ಬುಡದಿಂದ ಹೇಳ್ತೇನೆ.

ಮಕ್ಕಳು ಅಲ್ಲಿ ಕಲಿಯೋದು ಏನು

ಮದ್ರಸ ಅಂದ ಕೂಡ್ಲೇ ಹಾಸ್ಟೆಲಲ್ಲಿದ್ದು ಓದೋ ಹುಡುಗರ ಚಿತ್ರ ತುಂಬಾ ಜನರ ತಲೆಗೆ ಬರ್ತದೆ. ಅದು ದಾರುಲ್ ಉಲೂಮ್, ಆಲಿಮ್ (ಧರ್ಮದ ವಿದ್ವಾಂಸ) ಆಗೋರು ವರ್ಷಗಟ್ಟಲೆ ಓದೋ ಜಾಗ. ನಮ್ಮ ಮಕ್ಕಳು ಹೋಗೋದು ದಿನಕ್ಕೆ ಒಂದೆರಡು ಗಂಟೆಯ ಕ್ಲಾಸಿಗೆ. ಉರ್ದು ಮಾತಾಡೋ ಕಡೆ ಅದನ್ನ ಮಕ್ತಬ್ ಅಂತಾರೆ, ನಮ್ಮ ಮಂಗ್ಳೂರು ಕಡೆ ಅದಕ್ಕೂ ಮದ್ರಸ ಅಂತಲೇ ಹೇಳ್ತೇವೆ. ಶಾಲೆಗೆ ಹೋಗೋ ಮೊದಲು ಬೆಳಿಗ್ಗೆ ಒಂದು ಬ್ಯಾಚ್, ಇಲ್ಲಾಂದ್ರೆ ಸಂಜೆ ಅಸರ್ ನಮಾಜ್ ಆದ ಮೇಲೆ ಒಂದು.

ಅಲ್ಲಿ ನಡಿಯೋ ಓದು ಎರಡು ಥರ. ಒಂದು, ಅರಬಿ ಅಕ್ಷರ ಗುರುತು ಹಿಡಿದು ಕುರ್‌ಆನ್ ಓದೋದು. ಕಾಯ್ದಾ ಅನ್ನೋ ತೆಳು ಪುಸ್ತಕದಿಂದ ಶುರು, ನೂರಾನಿ ಕಾಯ್ದಾ ಅನ್ನೋದು ಎಲ್ಲಾ ಕಡೆ ಕಾಣೋದು. 28 ಅಕ್ಷರ, ಅದರ ಮೇಲೆ ಕೆಳಗೆ ಬರೋ ಸ್ವರ ಚಿಹ್ನೆ, ಆಮೇಲೆ ಕೂಡಿಸಿ ಓದೋದು. ಅದು ಮುಗಿದ ಮೇಲೆ ಕುರ್‌ಆನ್ ನೋಡಿಕೊಂಡು ಓದೋದು, ಅದಕ್ಕೆ ನಾಝಿರಾ ಅಂತಾರೆ. 30 ಭಾಗ, 114 ಸೂರಾ (ಅಧ್ಯಾಯ), ಹೆಚ್ಚು ಚಾಲ್ತಿಯಲ್ಲಿರೋ ಎಣಿಕೆ ಪ್ರಕಾರ 6236 ಆಯತ್ (ವಾಕ್ಯ). ಕೆಲವೇ ಮಕ್ಕಳು ಮುಂದೆ ಹೋಗಿ ಇಡೀದನ್ನ ಬಾಯಿಪಾಠ ಮಾಡ್ತಾರೆ, ಅದು ಹಿಫ್ಝ್, ಮುಗಿಸಿದವರು ಹಾಫಿಝ್.

ಎರಡನೇದು, ದಿನನಿತ್ಯದ ಧರ್ಮ. ನಮಾಜ್ ಹೇಗೆ, ವುಳೂ (ನಮಾಜಿನ ಮೊದಲು ಕೈಕಾಲು ಮುಖ ತೊಳೆಯೋದು) ಹೇಗೆ, ಊಟಕ್ಕೆ ಮೊದಲಿನ ದುಆ (ಪ್ರಾರ್ಥನೆ), ಪ್ರವಾದಿಯವರ ಚರಿತ್ರೆ, ದೊಡ್ಡವರ ಹತ್ರ ಹೇಗಿರ್ಬೇಕು ಇತ್ಯಾದಿ.

ಇವೆರಡನ್ನ ಬೇರೆ ಬೇರೆ ಮಾಡಿ ನೋಡಿದ್ರೆ ಅರ್ಧ ಗೊಂದಲ ಹೋಗ್ತದೆ. ಎರಡನೇದು ಮಾಹಿತಿ ಮತ್ತು ಅಭ್ಯಾಸ, ಅದಕ್ಕೆ ವಿಡಿಯೋ, ಕಾರ್ಟೂನ್, ಕ್ವಿಜ್ ಎಲ್ಲ ಚೆನ್ನಾಗೇ ಹೊಂದ್ತದೆ. ಮೊದಲನೇದು ಮಾತ್ರ ಬೇರೆ ಜಾತಿಯ ವಿದ್ಯೆ.

ಕಿವಿ ಇಲ್ಲದೆ ಈ ಓದು ಇಲ್ಲ

ಅರಬಿಯಲ್ಲಿ ನಮ್ಮ ಕಿವಿಗೆ ಬರೀ "ಸ" ಅಂತ ಕೇಳೋ ಮೂರು ಅಕ್ಷರ ಉಂಟು. ಒಂದು ಮಾಮೂಲಿ ಸ. ಇನ್ನೊಂದು ನಾಲಿಗೆ ಹಿಂಭಾಗ ಎತ್ತಿ ಬಾಯಿ ತುಂಬ ಹೇಳೋ ದಪ್ಪ ಸ. ಮೂರನೇದು ನಾಲಿಗೆ ತುದಿಯನ್ನ ಹಲ್ಲಿನ ನಡುವೆ ತಂದು ಗಾಳಿ ಬಿಡೋದು. "ಕ" ಎರಡು, "ಹ" ಎರಡು, "ಝ" ಥರದ್ದು ಕೇಳ್ಬೇಡಿ. ಕಾಯ್ದಾ ಮುಗಿದ ಕೂಡ್ಲೇ ಮಕ್ಕಳು ಕಲಿಯೋ ಚಿಕ್ಕ ಸೂರಾ "ಕುಲ್ ಹುವಲ್ಲಾಹು ಅಹದ್". ಇಲ್ಲಿ "ಕು" ಗಂಟಲಿನ ಹತ್ರದಿಂದ ಬರ್ಬೇಕು, ಆಗ ಅರ್ಥ "ಹೇಳು". ನಾವು ಕನ್ನಡದಲ್ಲಿ ಕುರಿ ಅನ್ನುವಾಗ ಬರೋ ಕು ಹೇಳಿದ್ರೆ ಅದು "ತಿನ್ನು" ಆಗ್ತದೆ. ಕನ್ನಡ ಲಿಪಿಯಲ್ಲಿ ಎರಡನ್ನೂ ಬರೆಯೋದು ಒಂದೇ ಥರ! ಯಾಸೀನ್ (ಒಂದು ಸೂರಾದ ಹೆಸರು) ಕನ್ನಡದಲ್ಲಿ ಅಂತ ಓಡಾಡೋ ಪಿಡಿಎಫ್‌ಗಳ ಕಷ್ಟ ಇದೇ, ಓದೋಕೆ ಸುಲಭ, ಆದ್ರೆ ಅರ್ಧ ಅಕ್ಷರಗಳ ವ್ಯತ್ಯಾಸ ಆ ಲಿಪಿಯಲ್ಲಿ ಕೂರೋದೇ ಇಲ್ಲ.

ಪ್ರತಿ ಅಕ್ಷರ ಬಾಯಲ್ಲಿ ಎಲ್ಲಿಂದ ಹುಟ್ಟಬೇಕು ಅನ್ನೋದು ಮಖ್ರಜ್. ಎಲ್ಲಿ ಎಳೀಬೇಕು, ಎಷ್ಟು ಮಾತ್ರೆ ಎಳೀಬೇಕು, ಎಲ್ಲಿ ಮೂಗಿಂದ ಗುಂಯ್ ಅನ್ನಿಸ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅನ್ನೋ ಇಡೀ ನಿಯಮಾವಳಿಯ ಹೆಸರು ತಜ್ವೀದ್. ಇದನ್ನ ಪುಸ್ತಕ ನೋಡಿ ಕಲಿಯೋ ರೂಢಿ ಇಲ್ಲ. ಉಸ್ತಾದ್ ಓದ್ತಾರೆ, ಮಗು ಕೇಳಿ ತಿರುಗಿ ಹೇಳ್ತದೆ, ಉಸ್ತಾದ್ ತಿದ್ದುತ್ತಾರೆ, ಮಗು ಮತ್ತೆ ಹೇಳ್ತದೆ. ಇದಕ್ಕೆ ತಲಕ್ಕೀ ಅಂತಾರೆ. ಆ ಉಸ್ತಾದರು ತಮ್ಮ ಉಸ್ತಾದರಿಂದ ಹೀಗೇ ಕಲಿತವರು, ಅವರು ಅವರ ಉಸ್ತಾದರಿಂದ, ಹೀಗೆ ಹಿಂದೆ ಹಿಂದೆ ಹೋಗಿ ಪ್ರವಾದಿಯವರ ತನಕ ಮುಟ್ಟೋ ಸರಪಳಿಗೆ ಸನದ್ ಅಂತ ಹೆಸರು. ದೊಡ್ಡ ಮಟ್ಟದ ಓದುಗಾರರು, ಅಂದ್ರೆ ಖಾರಿಗಳು, ತಮ್ಮ ಸನದನ್ನ ಸರ್ಟಿಫಿಕೇಟಾಗಿ ತೋರಿಸ್ತಾರೆ.

ಯಕ್ಷಗಾನ ಗೊತ್ತಿದ್ದವರಿಗೆ ಇದು ಬೇಗ ಅರ್ಥ ಆಗ್ತದೆ. ಯೂಟ್ಯೂಬ್ ನೋಡಿ ನೋಡಿ ಹೆಜ್ಜೆ ಹಾಕ್ಬಹುದು, ಆದ್ರೆ ನಿಮ್ಮ ಹೆಜ್ಜೆ ತಾಳ ತಪ್ಪಿತು ಅಂತ ಯೂಟ್ಯೂಬ್ ಹೇಳೋದಿಲ್ಲ, ಎದುರಿಗೆ ಕೂತ ಗುರು ಹೇಳ್ತಾರೆ. ಅಂದ್ರೆ ಇಲ್ಲಿ ಎರಡು ಕೆಲಸ ಉಂಟು, ಕೇಳಿಸೋದು ಒಂದು, ಕೇಳಿ ತಿದ್ದೋದು ಇನ್ನೊಂದು. ಮುಂದೆ ಬರೋ ಪ್ರತಿ ಟೆಕ್ನಾಲಜಿಯನ್ನೂ ಈ ಎರಡರಲ್ಲಿ ಯಾವುದು ಮಾಡ್ತದೆ ಅಂತ ನೋಡ್ತಾ ಹೋದ್ರೆ ಸಾಕು.

ಕೇಳಿಸೋ ಕೆಲಸ ಹಳೇದು

ಕೇಳಿಸೋದನ್ನ ಯಂತ್ರ ಮಾಡ್ತಾ ಅರವತ್ತು ವರ್ಷ ದಾಟಿತು. ಈಜಿಪ್ಟಿನ ಶೇಖ್ ಮಹಮೂದ್ ಖಲೀಲ್ ಅಲ್-ಹುಸರಿ ಇಡೀ ಕುರ್‌ಆನನ್ನ ನಿಧಾನಗತಿಯಲ್ಲಿ ಓದಿ ರೆಕಾರ್ಡ್ ಮಾಡಿದ್ದು 1961ರಲ್ಲಿ ಹೊರಗೆ ಬಂತು, ಕೈರೋದ ಕುರ್‌ಆನ್ ರೇಡಿಯೋ 1964ರಲ್ಲಿ ಶುರುವಾಯ್ತು. ಆ ಮೇಲೆ ಕ್ಯಾಸೆಟ್, ಸಿಡಿ, ಮೆಮೊರಿ ಕಾರ್ಡ್. ಗಲ್ಫಿಂದ ಬಂದವರ ಪೆಟ್ಟಿಗೆಯಲ್ಲಿ ಕುರ್‌ಆನ್ ಕ್ಯಾಸೆಟ್ ಸೆಟ್ ಇಲ್ಲದ ಮನೆ ನಮ್ಮ ಕರಾವಳಿಯಲ್ಲಿ ಹುಡುಕಬೇಕಿತ್ತು. ಅಲ್-ಮಿನ್‌ಶಾವಿಯವರ ಒಂದು ರೆಕಾರ್ಡಿಂಗ್ ಮಕ್ಕಳಿಗೇ ಮಾಡಿದ ಹಾಗೆ ಉಂಟು, ಅವರು ಒಂದು ವಾಕ್ಯ ಓದ್ತಾರೆ, ಮಕ್ಕಳ ದನಿ ಹಿಂದಿಂದ ಅದನ್ನೇ ಹೇಳ್ತದೆ. ಇವತ್ತಿಗೂ ಹಿಫ್ಝ್ ಮಾಡೋ ಮಕ್ಕಳಿಗೆ ಇದನ್ನೇ ಹಾಕಿಕೊಡ್ತಾರೆ.

ಇಲ್ಲೊಂದು ಸಣ್ಣ ಎಚ್ಚರಿಕೆ. ಕುರ್‌ಆನ್ ಓದೋದಕ್ಕೆ ಪರಂಪರೆಯಿಂದ ಬಂದ ಒಂದಕ್ಕಿಂತ ಹೆಚ್ಚು ಶೈಲಿ ಉಂಟು, ಎಲ್ಲವೂ ಸರಿಯಾದದ್ದೇ. ಭಾರತ, ಗಲ್ಫ್ ಸೇರಿ ಹೆಚ್ಚಿನ ಕಡೆ ಇರೋದು ಹಫ್ಸ್ ಶೈಲಿ, ಮೊರಾಕೊ ಅಲ್ಜೀರಿಯ ಕಡೆ ವರ್ಶ್. ಮೊದಲ ಸೂರಾದಲ್ಲಿ ನಮ್ಮ ಮಗು "ಮಾಲಿಕಿ ಯೌಮಿದ್ದೀನ್" ಅಂತ ಎಳೆದು ಕಲಿತಿರ್ತದೆ, ವರ್ಶ್ ಓದಿನಲ್ಲಿ ಅದು "ಮಲಿಕಿ". ಯೂಟ್ಯೂಬ್ ಒಂದಾದ ಮೇಲೊಂದು ತಾನೇ ಪ್ಲೇ ಮಾಡ್ತಾ ಹೋದಾಗ ಮೊರಾಕೊದ ಖಾರಿ ಬಂದ್ರೆ ಮಗು ಗಲಿಬಿಲಿ ಆಗ್ತದೆ. ಒಬ್ಬರೇ ಖಾರಿಯ ಓದನ್ನ ಡೌನ್‌ಲೋಡ್ ಮಾಡಿ ಕೊಡೋದು ಒಳ್ಳೇದು.

ವಿಡಿಯೋ ಕಾಲಲ್ಲಿ ಉಸ್ತಾದ್

2020ರ ಲಾಕ್‌ಡೌನಿನಲ್ಲಿ ಮದ್ರಸ ಮುಚ್ಚಿದಾಗ ಎಲ್ಲ ಒಮ್ಮೆಲೇ ಸ್ಕ್ರೀನಿಗೆ ಬಂತು. 1951ರಿಂದ ಮದ್ರಸ ನಡೆಸ್ತಾ ಬಂದಿರೋ, ನಮ್ಮ ದಕ್ಷಿಣ ಕನ್ನಡದಲ್ಲೂ ಮದ್ರಸಗಳಿರೋ ಸಮಸ್ತ ಕೇರಳ ಇಸ್ಲಾಂ ಮತ ವಿದ್ಯಾಭ್ಯಾಸ ಬೋರ್ಡ್ ಕೂಡ ಆಗ ಯೂಟ್ಯೂಬಲ್ಲಿ ಪಾಠ ಹಾಕಿತು. ಅದು ಒಂದು ಕಡೆಯ ಪಾಠ, ಅಂದ್ರೆ ಕೇಳಿಸೋದು ಮಾತ್ರ. ವಿಡಿಯೋ ಕಾಲ್ ಹಾಗಲ್ಲ, ಇಲ್ಲಿ ಉಸ್ತಾದ್ ಕೇಳಿ ತಿದ್ದಬಹುದು. ಮುಂಬಯಿಯಲ್ಲಿ ಕೂತು ವಿಟ್ಲದ ಉಸ್ತಾದರ ಹತ್ರ ಬ್ಯಾರಿ ಭಾಷೆಯಲ್ಲೇ ಪಾಠ ಕೇಳಬಹುದು ಅನ್ನೋದು ನಮ್ಮವರಿಗೆ ದೊಡ್ಡ ಆಕರ್ಷಣೆ, ಯಾಕಂದ್ರೆ ಇಲ್ಲಿಯ ಮಕ್ತಬಲ್ಲಿ ಪಾಠ ಉರ್ದುವಲ್ಲಿ, ಮಗುವಿಗೆ ಶಾಲೆಯಲ್ಲಿ ಇಂಗ್ಲಿಷ್ ಮರಾಠಿ, ಮನೇಲಿ ಬ್ಯಾರಿ, ಅಜ್ಜಿ ಜೊತೆ ಸ್ವಲ್ಪ ಕನ್ನಡ, ಇದರ ಮೇಲೆ ಉರ್ದು ಬೇರೆ.

ಮೀರಾ ರೋಡಿನ ಒಂದು ಮನೆಯಲ್ಲಿ ನೋಡಿದ್ದು ಹೇಳ್ತೇನೆ. ಮೂರನೇ ಕ್ಲಾಸಿನ ಹುಡುಗ, ಮೊಬೈಲನ್ನ ಸ್ಟೀಲ್ ಡಬ್ಬಕ್ಕೆ ಒರಗಿಸಿ ಇಟ್ಟಿದ್ದಾನೆ, ತಲೆಗೆ ಟೋಪಿ, ಕೆಳಗೆ ಪೈಜಾಮದ ಬದಲು ಶಾಲೆಯ ಚಡ್ಡಿ. "ಕುಲ್" ಅಂದ. ಉಸ್ತಾದ್ "ಮೋನೇ, ಗಂಟಲಿಂದ" ಅಂದ್ರು. ಮತ್ತೆ ಹೇಳಿದ, ಅವರು ಮತ್ತೆ ಗಂಟಲಿಂದ ಅಂದ್ರು, ಪಕ್ಕದಲ್ಲಿ ಕೂತ ನನಗೆ ಎರಡನೇ ಸಲ ಸರಿಯಾಗೇ ಕೇಳಿತ್ತು. ಅಷ್ಟರಲ್ಲಿ ಕುಕ್ಕರ್ ಸೀಟಿ ಹೊಡೀತು, ಹುಡುಗನ ದನಿ ಆ ಕಡೆಗೆ ಹೋಗೋದೇ ನಿಂತು ಹೋಯ್ತು. ಹುಡುಗ ಉಮ್ಮನ (ಅಮ್ಮನ) ಕಡೆ ನೋಡಿದ, ಉಮ್ಮ ಗ್ಯಾಸ್ ಸಣ್ಣ ಮಾಡಿದ್ರು.

ಇದು ಹುಡುಗನ ತಪ್ಪೂ ಅಲ್ಲ ಉಸ್ತಾದರ ತಪ್ಪೂ ಅಲ್ಲ. ಫೋನಿನ ಧ್ವನಿ ನಮ್ಮ ಬಾಯಿಂದ ಬಂದ ಹಾಗೇ ಆ ಕಡೆ ಹೋಗೋದಿಲ್ಲ. ಹಳೇ ಕಾಲದ ಟೆಲಿಫೋನ್ ಲೈನು ಸುಮಾರು 300ರಿಂದ 3400 ಹರ್ಟ್ಸ್ ತನಕದ ಶಬ್ದ ಮಾತ್ರ ಸಾಗಿಸ್ತಿತ್ತು, ಮಾತು ಅರ್ಥ ಆಗೋಕೆ ಅಷ್ಟು ಸಾಕು. ಆದ್ರೆ ಸ, ಫ, ಹಲ್ಲಿನ ನಡುವಿನ ಗಾಳಿ ಇವುಗಳ ವ್ಯತ್ಯಾಸ ಇರೋದೇ ಅದಕ್ಕಿಂತ ಮೇಲೆ, ಅದಕ್ಕೇ ಫೋನಲ್ಲಿ ಹೆಸರಿನ ಸ್ಪೆಲ್ಲಿಂಗ್ ಹೇಳುವಾಗ ನಾವು ಎಸ್ ಫಾರ್ ಸೋಲಾಪುರ ಅಂತ ಬಿಡಿಸಿ ಹೇಳೋದು. ಈಗಿನ ಇಂಟರ್ನೆಟ್ ಕಾಲ್ ಇದಕ್ಕಿಂತ ತುಂಬಾ ಚೆನ್ನಾಗಿದೆ, ಆದ್ರೆ ನೆಟ್ ವೀಕ್ ಆದ ಕೂಡ್ಲೇ ಆ್ಯಪು ತಾನೇ ಧ್ವನಿಯ ಗುಣಮಟ್ಟ ಇಳಿಸ್ತದೆ, ಕಟ್ ಆಗದೆ ಇರ್ಲಿ ಅಂತ. ಮೊದಲು ಹೋಗೋದು ಈ ಮೇಲಿನ ಶಬ್ದಗಳೇ.

ಅದರ ಜೊತೆ ನಾಯ್ಸ್ ಸಪ್ರೆಶನ್ ಅಂತ ಒಂದು ಉಂಟು. ಫ್ಯಾನು, ರಿಕ್ಷಾ, ಕುಕ್ಕರ್ ಎಲ್ಲ ಅಳಿಸಿ ಬರೀ ಮಾತು ಕಳಿಸೋ ಸಾಫ್ಟ್‌ವೇರ್. ಆಫೀಸ್ ಮೀಟಿಂಗಿಗೆ ವರ, ಆದ್ರೆ ಅದು ಮಾತು ಅಂದ್ರೆ ಬೇಗ ಬೇಗ ಬದಲಾಗೋ ಶಬ್ದ ಅಂತ ಲೆಕ್ಕ ಹಾಕ್ತದೆ, ಒಂದೇ ಸಮ ಎಳೆಯೋ ದನಿಯನ್ನ ಕೆಲವೊಮ್ಮೆ ಫ್ಯಾನ್ ಸದ್ದಿನ ಜೊತೆ ಸೇರಿಸಿ ತೆಗೆದು ಹಾಕ್ತದೆ. ತಜ್ವೀದಲ್ಲಿ ಆರು ಮಾತ್ರೆ ಎಳೆಯೋ ಜಾಗ, ಮೂಗಿನ ಗುಂಯ್ ಎಲ್ಲ ಇದೇ ಥರದ ದನಿ. ಸಂಗೀತ ಕಲಿಸೋರಿಗೂ ಇದೇ ತಾಪತ್ರಯ ಬಂದದ್ದಕ್ಕೆ ಝೂಮಲ್ಲಿ "ಒರಿಜಿನಲ್ ಸೌಂಡ್" ಅಂತ ಸೆಟ್ಟಿಂಗ್ ಉಂಟು, ಅದನ್ನ ಆನ್ ಮಾಡಿದ್ರೆ ಧ್ವನಿಗೆ ಕತ್ತರಿ ಹಾಕೋದು ನಿಲ್ತದೆ. ವೈರ್ ಇರೋ ಸಾದಾ ಇಯರ್‌ಫೋನ್, ಬಾಗಿಲು ಹಾಕಿದ ರೂಮು, ಈ ಸೆಟ್ಟಿಂಗ್, ಇಷ್ಟಾದ್ರೆ ಅರ್ಧ ಸಮಸ್ಯೆ ಮುಗೀತದೆ. ಒನ್ ಬಿಎಚ್‌ಕೆಯಲ್ಲಿ ಬಾಗಿಲು ಹಾಕೋ ರೂಮು ಎಲ್ಲಿಂದ ತರೋದು ಅಂದ್ರೆ ಅದಕ್ಕೆ ನನ್ನ ಹತ್ರ ಸೆಟ್ಟಿಂಗ್ ಇಲ್ಲ.

ಇನ್ನೊಂದು, ಮದ್ರಸದಲ್ಲಿ ಮಕ್ಕಳೆಲ್ಲ ಒಟ್ಟಿಗೆ ದನಿ ಎತ್ತಿ ಹೇಳೋದು ಉಂಟಲ್ಲ, ಅದು ಕಾಲಲ್ಲಿ ಆಗೋದಿಲ್ಲ. ಪ್ರತಿಯೊಬ್ಬರ ದನಿ ಬೇರೆ ಬೇರೆ ತಡದಲ್ಲಿ ಮುಟ್ಟೋದ್ರಿಂದ ಗೋಜಲಾಗ್ತದೆ. ಹಾಗಾಗಿ ಇಪ್ಪತ್ತು ಮಕ್ಕಳ ಗ್ರೂಪ್ ಕ್ಲಾಸಲ್ಲಿ ನಿಮ್ಮ ಮಗು ಹೆಚ್ಚಿನ ಹೊತ್ತು ಮ್ಯೂಟಲ್ಲೇ ಇರ್ತದೆ. ಡೆಮೋ ಕ್ಲಾಸಲ್ಲಿ ಗಮನಿಸ್ಬೇಕಾದ್ದು ಉಸ್ತಾದರ ಇಂಗ್ಲಿಷನ್ನಲ್ಲ, ಅರ್ಧ ಗಂಟೆಯಲ್ಲಿ ಮಗು ಎಷ್ಟು ನಿಮಿಷ ಓದಿತು, ಎಷ್ಟು ಸಲ ತಿದ್ದಿಸಿಕೊಂಡಿತು ಅನ್ನೋದನ್ನ.

ಮೂರು ಥರದ ಪುಟ

ಇದು ಯಾರೂ ಹೇಳದ ವಿಷಯ. ಅರಬಿ ಕುರ್‌ಆನಿನ ಅಕ್ಷರ ಎಲ್ಲಾ ಕಡೆ ಒಂದೇ, ಆದ್ರೆ ಬರೆಯೋ ಶೈಲಿ ಬೇರೆ ಬೇರೆ. ಮುಂಬಯಿ ಮಕ್ತಬಲ್ಲಿ, ಮೊಹಮ್ಮದ್ ಅಲಿ ರೋಡಿನ ಅಂಗಡಿಯಲ್ಲಿ ಸಿಗೋ ಪ್ರತಿಗಳು ಭಾರತ-ಪಾಕಿಸ್ತಾನದ ಶೈಲಿ, ದಪ್ಪ ಅಕ್ಷರ, ಪ್ರತಿ ಸ್ವರಕ್ಕೂ ಚಿಹ್ನೆ. ಮೊಬೈಲ್ ಆ್ಯಪ್ ತೆರೆದ್ರೆ ಸಾಮಾನ್ಯವಾಗಿ ಮೊದಲು ಬರೋದು ಮದೀನಾ ಶೈಲಿ, ಸೌದಿಯಲ್ಲಿ 1984ರಲ್ಲಿ ಶುರುವಾದ ಕಿಂಗ್ ಫಹದ್ ಮುದ್ರಣ ಕೇಂದ್ರದ್ದು, ಉಸ್ಮಾನ್ ತಾಹಾ ಅನ್ನೋ ಕಲಿಗ್ರಾಫರ್ ಕೈಬರಹದ್ದು. ಅದರಲ್ಲಿ ಸ್ವರವಿಲ್ಲದ ಅಕ್ಷರದ ಗುರುತು ಬೇರೆ, ನಿಲ್ಲಿಸೋ ಚಿಹ್ನೆ ಬೇರೆ, ಕೆಲವು ಪದಗಳ ಶುರುವಲ್ಲಿ ಬರೋ ಅಲಿಫ್ ಅನ್ನೋ ಅಕ್ಷರದ ಮೇಲೆ ಮಗು ಯಾವತ್ತೂ ನೋಡಿರದ ಒಂದು ಪುಟ್ಟ ಗುರುತು. ಊರಿಗೆ ಹೋದ್ರೆ ಅಜ್ಜಿ ಮನೆಯಲ್ಲಿ ಕೇರಳದಿಂದ ಬಂದ ಪೊನ್ನಾನಿ ಶೈಲಿಯ ಪ್ರತಿ ಇರ್ಬಹುದು, ಅದು ಮೂರನೇ ಥರ. ಎರಡು ವರ್ಷ ಕಲಿತ ಮಗು ಆ್ಯಪಲ್ಲಿ ತಡವರಿಸಿದ್ರೆ ಮರೆತು ಹೋಗಿದೆ ಅಂತ ಬೈಬೇಡಿ. ಹೆಚ್ಚಿನ ಒಳ್ಳೆ ಆ್ಯಪುಗಳ ಸೆಟ್ಟಿಂಗಲ್ಲಿ "ಇಂಡೋಪಾಕ್" ಅನ್ನೋ ಆಯ್ಕೆ ಉಂಟು, ಅದನ್ನ ಒತ್ತಿದ್ರೆ ಮಗುವಿಗೆ ಪರಿಚಯದ ಅಕ್ಷರ ಬರ್ತದೆ.

ಬಾಯಿಪಾಠ ಮಾಡೋ ಮಕ್ಕಳಿಗೆ ಇದು ಇನ್ನೂ ಮುಖ್ಯ. ಹಾಫಿಝ್ ಆದವರನ್ನ ಕೇಳಿ, ಅವರಿಗೆ ವಾಕ್ಯ ಮಾತ್ರ ಅಲ್ಲ, ಅದು ಎಡ ಪುಟದ ಮೇಲಿಂದ ಮೂರನೇ ಸಾಲಲ್ಲಿ ಉಂಟು ಅಂತಲೂ ನೆನಪಿರ್ತದೆ. ಪುಟದ ಚಿತ್ರವೇ ತಲೆಯಲ್ಲಿ ಕೂತಿರ್ತದೆ. ಮದೀನಾ ಪ್ರತಿಯಲ್ಲಿ ಪುಟಕ್ಕೆ 15 ಸಾಲು, ಒಟ್ಟು 604 ಪುಟ, ಪ್ರತಿ ಪುಟ ಒಂದು ವಾಕ್ಯದ ಕೊನೆಗೇ ಮುಗಿಯೋ ಹಾಗೆ ಜೋಡಿಸಿದ್ದು ಇದಕ್ಕೇ. ನಮ್ಮ ಕಡೆ 13 ಸಾಲು, 15 ಸಾಲು, 16 ಸಾಲಿನ ಪ್ರತಿಗಳೂ ಉಂಟು. ಬೆರಳಲ್ಲಿ ಮೇಲೆ ತಳ್ಳುತ್ತಾ ಓದೋ ಆ್ಯಪಲ್ಲಿ ಪುಟ ಅನ್ನೋದೇ ಇಲ್ಲ, ಅಕ್ಷರ ದೊಡ್ಡದು ಮಾಡಿದ್ರೆ ಸಾಲೇ ಬದಲಾಗ್ತದೆ. ಹಾಗಾಗಿ ಹಿಫ್ಝ್ ಮಾಡೋ ಮಗುವಿಗೆ ಒಂದೇ ಪ್ರತಿ, ಆ್ಯಪ್ ಬಳಸೋದೇ ಆದ್ರೆ ಅದೇ ಪ್ರತಿಯ ಪುಟವನ್ನ ಹಾಗೇ ತೋರಿಸೋ ಆ್ಯಪ್.

ಆನ್‌ಲೈನ್ ಅಕ್ಷರ ನಂಬಬಹುದಾ ಅಂತ ಕೇಳೋರಿಗೆ: 2007ರಲ್ಲಿ ತನ್‌ಝೀಲ್ ಅನ್ನೋ ಪ್ರಾಜೆಕ್ಟ್ ಯೂನಿಕೋಡಲ್ಲಿ ಇಡೀ ಪಠ್ಯವನ್ನ ಅಕ್ಷರ ಅಕ್ಷರ ಪರಿಶೀಲಿಸಿ ಇಟ್ಟಿತು, ಆಮೇಲೆ ಬಂದ ಎಷ್ಟೋ ಆ್ಯಪು ಸೈಟುಗಳು ಅದನ್ನೇ ಬಳಸ್ತವೆ. ತೊಂದರೆ ಬರೋದು ಜನ ಅದನ್ನ ಕಾಪಿ ಮಾಡಿ ವಾಟ್ಸ್ಆ್ಯಪಿಗೆ ಹಾಕಿ, ಫಾಂಟ್ ಇಲ್ಲದ ಫೋನಲ್ಲಿ ಚಿಹ್ನೆ ಅಲ್ಲಿಲ್ಲಿ ಹಾರಿದಾಗ.

ಎಐ ಉಸ್ತಾದ್ ಆಗ್ತದಾ

ಓದಿದ್ದನ್ನ ಕೇಳಿ ತಪ್ಪು ಹಿಡಿಯೋ ಎಐ ಆ್ಯಪುಗಳಲ್ಲಿ ಟಾರ್ಟೀಲ್ ಅನ್ನೋದು ಹೆಸರುವಾಸಿ, 2018ರ ಹೊತ್ತಿಗೆ ಜನರಿಂದಲೇ ಓದಿನ ರೆಕಾರ್ಡಿಂಗ್ ಸಂಗ್ರಹಿಸಿ ಶುರುವಾದದ್ದು. ಕೆಲಸ ಮಾಡೋ ಬಗೆ ಹೀಗೆ: ನೀವು ಓದಿದ್ದನ್ನ ಅದು ಅಕ್ಷರಕ್ಕೆ ಇಳಿಸ್ತದೆ, ಮೂಲ ಪಠ್ಯದ ಜೊತೆ ಹೋಲಿಸ್ತದೆ, ಎಲ್ಲಿ ಪದ ಬಿಟ್ಟಿರಿ, ಎಲ್ಲಿ ಬೇರೆ ಪದ ಹೇಳಿದ್ರಿ ಅಂತ ಕೆಂಪು ಮಾಡಿ ತೋರಿಸ್ತದೆ. ಕುರ್‌ಆನ್ ಪಠ್ಯ ನಿಗದಿ ಇರೋದ್ರಿಂದ, ನಾವು ಮಾತಾಡೋ ಕನ್ನಡವನ್ನ ಅಕ್ಷರಕ್ಕೆ ಇಳಿಸೋದಕ್ಕಿಂತ ಇದು ಸುಲಭದ ಲೆಕ್ಕ, ಮುಂದೆ ಯಾವ ಪದ ಬರ್ಬೇಕು ಅಂತ ಯಂತ್ರಕ್ಕೆ ಮೊದಲೇ ಗೊತ್ತು.

ಆದ್ರೆ ಆ ಸುಲಭವೇ ಅದರ ಕಷ್ಟವೂ ಹೌದು. ಮುಂದಿನ ಪದ ಗೊತ್ತಿರೋದ್ರಿಂದ, ಮಗು ಗಂಟಲಿನ ಕು ಬದಲು ಸಾದಾ ಕು ಹೇಳಿದ್ರೂ ಇಂಥ ಯಂತ್ರ ಅದನ್ನ ಸರಿಯಾದ ಪದ ಅಂತಲೇ ಬರೆದುಕೊಳ್ಳೋ ಸಾಧ್ಯತೆ ಉಂಟು. ಪದ ಬಿಟ್ಟದ್ದು ಹಿಡಿಯೋದು, ಅಕ್ಷರ ಬಾಯಲ್ಲಿ ಎಲ್ಲಿಂದ ಹುಟ್ಟಿತು ಅಂತ ಹಿಡಿಯೋದು, ಇವೆರಡು ಬೇರೆ ಬೇರೆ ಕೆಲಸ, ಎರಡನೇದು ತುಂಬಾ ಕಷ್ಟದ್ದು. ಮಕ್ಕಳ ದನಿ ದೊಡ್ಡವರದ್ದಕ್ಕಿಂತ ತೆಳು, ದೊಡ್ಡವರ ರೆಕಾರ್ಡಿಂಗ್ ಜಾಸ್ತಿ ಕೇಳಿ ಕಲಿತ ಯಂತ್ರಕ್ಕೆ ಅದೂ ಒಂದು ತೊಡಕು. ನಮ್ಮ ಕರಾವಳಿಗೆ ಇನ್ನೊಂದು ವಿಶೇಷ: ಒಂದು ಅಕ್ಷರವನ್ನ ನಾವು ಮಲಬಾರಿನ ರೂಢಿಯಲ್ಲಿ ಳ ಥರ ಹೇಳ್ತೇವೆ, ರಮಳಾನ್, ವುಳೂ ಅಂತ, ಇಲ್ಲಿ ಉರ್ದುವಿನವರು ರಂಝಾನ್, ವಝೂ ಅಂತಾರೆ. ಇವೆಲ್ಲ ರೂಢಿ ಗೊತ್ತಿರೋ ಉಸ್ತಾದ್ ಯಾವುದು ಊರ ರೂಢಿ, ಯಾವುದು ತಿದ್ದಬೇಕಾದ ತಪ್ಪು ಅಂತ ಕೂಡ್ಲೇ ಹೇಳ್ತಾರೆ.

ಹಾಗಂತ ಇದು ಉಪಯೋಗ ಇಲ್ಲದ್ದು ಅಲ್ಲ. ಹಿಫ್ಝಲ್ಲಿ ದಿನಾ ಹೊಸ ಪಾಠ, ಮೊನ್ನೆ ಮೊನ್ನೆಯ ಪಾಠ, ಹಳೇ ಪಾಠ ಅಂತ ಮೂರು ಕಂತು ಇರ್ತದೆ (ಸಬಕ್, ಸಬ್ಕಿ, ಮಂಝಿಲ್ ಅಂತಾರೆ). ಹಳೇದನ್ನ ಯಾರಾದ್ರೂ ಪುಸ್ತಕ ಹಿಡಿದು ಕೂತು ಕೇಳ್ಬೇಕು, ಮನೆಯಲ್ಲಿ ಅಷ್ಟು ಪುರುಸೊತ್ತು ಯಾರಿಗೂ ಇರೋದಿಲ್ಲ. ಅಲ್ಲಿ ಈ ಆ್ಯಪ್ ಬಂಗಾರ. ಹೊಸ ಪಾಠಕ್ಕೆ ಉಸ್ತಾದ್, ಹಳೇ ಪಾಠ ಒಪ್ಪಿಸೋಕೆ ಆ್ಯಪ್, ಹೀಗೆ ಹಂಚಿಕೊಂಡವರ ಮನೆಯಲ್ಲಿ ಇದು ಚೆನ್ನಾಗೇ ನಡೀತಾ ಉಂಟು.

ಮಾತಾಡೋ ಪೆನ್ನಿನದ್ದು ಎಐ ಅಲ್ಲ. ಅದರ ಜೊತೆ ಬರೋ ಪುಸ್ತಕದ ಪುಟದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳಿರ್ತವೆ, ಪೆನ್ನಿನ ತುದಿಯ ಕ್ಯಾಮರಾ ಅದನ್ನ ಓದಿ ಆ ಜಾಗದ ಆಡಿಯೋ ಹಾಕ್ತದೆ. ಬೇರೆ ಪುಸ್ತಕದ ಮೇಲಿಟ್ರೆ ಮೂಕ. ಮಗು ಏನು ಹೇಳಿತು ಅಂತ ಅದು ಕೇಳಿಸಿಕೊಳ್ಳೋದೇ ಇಲ್ಲ. ಕೇಳಿಸೋ ಸಾಧನ, ಅಷ್ಟೇ.

ನಮಾಜ್ ಕಲಿಸೋ ವಿಡಿಯೋ, ಟೈಮ್ ಹೇಳೋ ಆ್ಯಪ್

ಸುನ್ನಿಗಳಲ್ಲಿ ನಾಲ್ಕು ಮದ್‌ಹಬ್ ಅಂತ ಉಂಟು, ಆಚರಣೆಯ ನಿಯಮಗಳನ್ನ ಅರ್ಥ ಮಾಡಿಕೊಂಡ ನಾಲ್ಕು ಪರಂಪರೆ. ಬ್ಯಾರಿಗಳು, ಭಟ್ಕಳದ ನವಾಯತರು, ಇಲ್ಲಿಯ ಕೊಂಕಣಿ ಮುಸ್ಲಿಮರು ಶಾಫಿ. ವಿಜಾಪುರ, ಕಲಬುರಗಿ ಕಡೆಯಿಂದ ಬಂದು ಪುಣೆ, ಮುಂಬಯಿ, ಗೋವಾದಲ್ಲಿ ನೆಲೆಸಿದವರು ಹೆಚ್ಚಾಗಿ ಹನಫಿ. ಮೂಲ ಒಂದೇ, ವಿವರ ಬೇರೆ: ಶಾಫಿಗಳು ರುಕೂಗೆ ಬಗ್ಗುವಾಗ ಏಳುವಾಗ ಕೈ ಎತ್ತುತ್ತಾರೆ, ಬೆಳಗಿನ ನಮಾಜಲ್ಲಿ ಕುನೂತ್ ಅನ್ನೋ ಪ್ರಾರ್ಥನೆ ಹೇಳ್ತಾರೆ, ಹನಫಿಗಳಲ್ಲಿ ಇವೆರಡೂ ಹಾಗಿಲ್ಲ. ನಮಾಜ್ ಕಲಿಸೋ ಕಾರ್ಟೂನಲ್ಲಿ ಇದು ಯಾವ ಮದ್‌ಹಬ್ ಅಂತ ಬರೆದಿರೋದೇ ಇಲ್ಲ, ಮಗು ಅದನ್ನ ನೋಡಿ ಕಲಿತು ಬಾಪ (ಅಪ್ಪ) ತಪ್ಪು ಮಾಡ್ತಿದ್ದಾರೆ ಅಂತ ಹೇಳ್ತದೆ.

ಟೈಮಿನಲ್ಲೂ ಅಷ್ಟೇ. ಅಸರ್ ಶುರುವಾಗೋದು ಶಾಫಿ ಲೆಕ್ಕದಲ್ಲಿ, ಮಧ್ಯಾಹ್ನದ ನೆರಳನ್ನ ಬಿಟ್ಟು, ವಸ್ತುವಿನ ನೆರಳು ಅದರಷ್ಟೇ ಉದ್ದ ಆದಾಗ. ಹನಫಿ ಲೆಕ್ಕದಲ್ಲಿ ಎರಡರಷ್ಟು ಆದಾಗ. ಮುಂಬಯಿಯಲ್ಲಿ ಈ ವ್ಯತ್ಯಾಸ ಸುಮಾರು ಒಂದು ಗಂಟೆ. ಆ್ಯಪ್ ಸೆಟ್ಟಿಂಗಲ್ಲಿ ಇದಕ್ಕೆ ಆಯ್ಕೆ ಉಂಟು. ಬೆಳಗಿನ ಫಜರ್ ಟೈಮ್ ಸೂರ್ಯ ಕ್ಷಿತಿಜದಿಂದ ಎಷ್ಟು ಡಿಗ್ರಿ ಕೆಳಗಿದ್ದಾನೆ ಅನ್ನೋದರ ಮೇಲೆ, ಆ್ಯಪಲ್ಲಿ ಕರಾಚಿ ಅಂತ ಇರೋ ಲೆಕ್ಕ 18 ಡಿಗ್ರಿ, ಉತ್ತರ ಅಮೆರಿಕದ ಇಸ್ನಾ ಅನ್ನೋ ಸಂಸ್ಥೆಯ ಲೆಕ್ಕ 15. ಆ್ಯಪ್ ಅಮೆರಿಕದ ಲೆಕ್ಕದಲ್ಲಿ ನಿಂತಿದ್ರೆ ಮುಂಬಯಿಯಲ್ಲಿ ಫಜರ್ ಹದಿಮೂರು ಹದಿನಾಲ್ಕು ನಿಮಿಷ ತಡವಾಗಿ ತೋರಿಸ್ತದೆ. ಉಪವಾಸದ ತಿಂಗಳಲ್ಲಿ ಸಹ್ರಿ (ಬೆಳಕಾಗೋ ಮೊದಲಿನ) ಊಟ ಮಾಡೋರಿಗೆ ಅದು ಸಣ್ಣ ವಿಷಯ ಅಲ್ಲ. ಮಸೀದಿಯ ಟೈಮ್‌ಟೇಬಲಿಗೆ ಹೋಲಿಸಿ ಒಮ್ಮೆ ಸರಿ ಮಾಡಿಟ್ರೆ ಮತ್ತೆ ತಲೆಬಿಸಿ ಇಲ್ಲ.

ಚಾಟ್‌ಬಾಟ್ ಹತ್ರ ಕೇಳಿದ್ರೆ

ಹದೀಸ್ ಅಂದ್ರೆ ಪ್ರವಾದಿಯವರ ಮಾತು ನಡತೆಯ ವರದಿಗಳು. ಯಾರು ಯಾರಿಂದ ಕೇಳಿದ್ರು ಅನ್ನೋ ಸರಪಳಿ ನೋಡಿ ಇದು ಗಟ್ಟಿ, ಇದು ದುರ್ಬಲ, ಇದು ಕಟ್ಟಿದ್ದು ಅಂತ ವಿದ್ವಾಂಸರು ಶತಮಾನಗಳ ಹಿಂದೆಯೇ ವಿಂಗಡಿಸಿದ್ದಾರೆ. ಚಾಟ್‌ಬಾಟಿಗೆ ಆ ಸರಪಳಿ ಗೊತ್ತಿರೋದಿಲ್ಲ, ಅದು ಮುಂದೆ ಯಾವ ಪದ ಬರಬಹುದು ಅಂತ ಅಂದಾಜಿಸಿ ವಾಕ್ಯ ಕಟ್ಟುತ್ತದೆ, ಹಾಗಾಗಿ ಕೇಳೋಕೆ ಹದೀಸ್ ಥರವೇ ಇರೋ, ಎಲ್ಲೂ ಇಲ್ಲದ ಮಾತನ್ನ ನಂಬರ್ ಸಮೇತ ಕೊಟ್ಟುಬಿಡಬಹುದು. ಮಗು ಪ್ರಾಜೆಕ್ಟಿಗೆ ಅದನ್ನ ಬರೆದು ತಂದ್ರೆ ನಂಬರ್ ಹುಡುಕಿ ನೋಡಿ. ಸಹೀಹ್ ಬುಖಾರಿ ಅನ್ನೋ ಹದೀಸ್ ಸಂಗ್ರಹದ ಈಗಿನ ಸಾಮಾನ್ಯ ನಂಬರಿಂಗ್ 7563ಕ್ಕೆ ಮುಗೀತದೆ, ಬುಖಾರಿ 8120 ಅಂತ ಬಂದ್ರೆ ಅಲ್ಲಿಗೇ ಗೊತ್ತಾಯ್ತು. ನಂಬರ್ ಸರಿ ಇದ್ರೂ ಆ ನಂಬರಲ್ಲಿ ಇರೋದು ಅದೇ ಮಾತಾ ಅಂತ ತೆರೆದು ನೋಡ್ಲೇಬೇಕು.

ಮೊಬೈಲಲ್ಲಿ ಕುರ್‌ಆನ್ ಓದೋಕೆ ವುಳೂ ಬೇಕಾ ಅನ್ನೋ ಪ್ರಶ್ನೆ ಮಕ್ಕಳೇ ಕೇಳ್ತಾರೆ. ಫೋನು ಮುಸ್ಹಫ್ (ಅಂದ್ರೆ ಕುರ್‌ಆನ್ ಪ್ರತಿ) ಅಲ್ಲ, ಬೇಡ ಅನ್ನೋ ಉಲಮಾಗಳು (ವಿದ್ವಾಂಸರು) ಬಹಳ ಇದ್ದಾರೆ, ಅಕ್ಷರ ಕಾಣ್ತಿರುವಾಗ ಸ್ಕ್ರೀನ್ ಮುಟ್ಟಬೇಡಿ ಅನ್ನೋರೂ ಇದ್ದಾರೆ. ಇಂಥದ್ದನ್ನ ಚಾಟ್‌ಬಾಟಿಗಿಂತ ನಿಮ್ಮ ಉಸ್ತಾದರನ್ನೇ ಕೇಳೋದು ಒಳ್ಳೇದು, ಅವರಿಗೆ ನಿಮ್ಮ ಮದ್‌ಹಬ್ ಗೊತ್ತು.

ಮಗುವಿನ ಮಾಹಿತಿ

2020ರಲ್ಲಿ, ಕೋಟಿಗಟ್ಟಲೆ ಜನ ಬಳಸೋ ಒಂದು ನಮಾಜ್ ಆ್ಯಪಿನಿಂದ ಬಳಕೆದಾರರ ಲೊಕೇಶನ್ ಡೇಟಾ ಮಾರೋ ಕಂಪನಿಗೆ ಹೋಗ್ತಿತ್ತು ಅಂತ ವರದಿ ಬಂತು, ಆ್ಯಪಿನವರು ಆಮೇಲೆ ಆ ಸಂಬಂಧ ಕಡಿದುಕೊಂಡ್ರು. ಕಿಬ್ಲಾ (ನಮಾಜಿಗೆ ಮುಖ ಮಾಡೋ ದಿಕ್ಕು) ಮತ್ತು ಟೈಮ್ ತೋರಿಸೋಕೆ ಲೊಕೇಶನ್ ಬೇಕು ನಿಜ, ಆದ್ರೆ ಊರಿನ ಹೆಸರು ಕೈಯಲ್ಲಿ ಹಾಕಿದ್ರೂ ಟೈಮ್ ಸರಿಯಾಗೇ ಬರ್ತದೆ. ನಮ್ಮ ದೇಶದಲ್ಲಿ 2023ರ ಡೇಟಾ ರಕ್ಷಣೆ ಕಾಯ್ದೆ ಪ್ರಕಾರ 18 ವರ್ಷದ ಒಳಗಿನವರ ಮಾಹಿತಿ ತಗೊಳ್ಳೋಕೆ ತಂದೆತಾಯಿಯ ಒಪ್ಪಿಗೆ ಬೇಕು, ಮಕ್ಕಳನ್ನ ಗುರಿ ಮಾಡಿ ಜಾಹೀರಾತು ಹಾಕೋ ಹಾಗಿಲ್ಲ. ನಿಯಮಗಳು 2025ರ ನವೆಂಬರಲ್ಲಿ ಪ್ರಕಟ ಆಗಿವೆ, ಹಂತ ಹಂತವಾಗಿ ಜಾರಿಗೆ ಬರೋದು. ಕ್ಲಾಸ್ ರೆಕಾರ್ಡ್ ಮಾಡ್ತಾರಾ, ಮಾಡಿದ್ರೆ ಎಲ್ಲಿ ಇಡ್ತಾರೆ ಅಂತ ಫೀಸ್ ಕಟ್ಟೋ ಮೊದಲೇ ಕೇಳಿ.

ಉಮ್ಮಂದಿರ ಕ್ಲಾಸು

ಜಾಹೀರಾತಿನಲ್ಲಿ ಮಕ್ಕಳ ಫೋಟೋ ಇರ್ತದೆ, ಆದ್ರೆ ಇದರಿಂದ ಜಾಸ್ತಿ ಲಾಭ ಆದದ್ದು ದೊಡ್ಡ ಹೆಂಗಸರಿಗೆ ಅಂತ ನನ್ನ ಲೆಕ್ಕ. ಸಣ್ಣವರಿದ್ದಾಗ ಓದು ಅರ್ಧಕ್ಕೆ ಬಿಟ್ಟವರು, ಮದುವೆಯಾಗಿ ಮುಂಬಯಿಗೆ ಬಂದು ಮಸೀದಿಯ ಕ್ಲಾಸಿಗೆ ಹೋಗೋ ದಾರಿಯೇ ಇಲ್ಲದವರು ಈಗ ಮಧ್ಯಾಹ್ನ ಮಕ್ಕಳು ಶಾಲೆಗೆ ಹೋದ ಮೇಲೆ ಕಾಯ್ದಾದ ಮೊದಲ ಪುಟದಿಂದ ಶುರು ಮಾಡ್ತಿದ್ದಾರೆ. ಅವರಲ್ಲಿ ಬಹಳ ಜನ ಕ್ಯಾಮರಾ ಆಫ್ ಇಟ್ಟು ಓದ್ತಾರೆ. ಹಾಗೆ ಓದಿದ್ರೆ ದನಿ ಕೇಳ್ತದೆ, ನಾಲಿಗೆ ತುದಿ ಹಲ್ಲಿನ ನಡುವೆ ಬಂತಾ ಇಲ್ವಾ ಅಂತ ಕಲಿಸೋರಿಗೆ ಕಾಣೋದಿಲ್ಲ, ಮೇಲೆ ಹೇಳಿದ ಮೂರನೇ ಸ ತಿದ್ದೋದು ಕಷ್ಟ ಆಗ್ತದೆ. ಅದಕ್ಕೆ ಹೆಂಗಸರಿಗೆ ಕಲಿಸೋ ಆಲಿಮಾಗಳ (ಧರ್ಮ ಓದಿದ ಹೆಂಗಸರ) ಕ್ಲಾಸೇ ಹುಡುಕಿ, ಅಲ್ಲಿ ಕ್ಯಾಮರಾ ಆನ್ ಮಾಡಿ ಕೂರೋಕೆ ಮುಜುಗರ ಇಲ್ಲ, ಉರ್ದುವಿನಲ್ಲೂ ಕನ್ನಡ-ಬ್ಯಾರಿಯಲ್ಲೂ ಕಲಿಸೋರು ಇದ್ದಾರೆ.